ಗೇರ್‌ಬಾಕ್ಸಿಗೆ ಬಿದ್ದ ಅಕ್ಷತೆ

ಎಂಜಿನ್ ಒದರುತ್ತಿತ್ತು, ಗಾಡಿ ನಿಂತಿತ್ತು. ಮಿಶ್ರಿಕೋಟಿ ಬಿಟ್ಟು ಹುಬ್ಬಳ್ಳಿಯ ಕಡೆ ಹೊರಟರೆ ಊರ ಹೊರಗೆ ಒಂದು ಸಣ್ಣ ಏರು ಸಿಗುತ್ತದೆ. ಸೈಕಲ್ಲಿನವರೂ ಅಲ್ಲಿ ಇಳಿದು ನಡೆಯುವುದಿಲ್ಲ. ನನ್ನ ಹೆಂಡತಿ ಆಕ್ಸಿಲರೇಟರ್ ಇನ್ನಷ್ಟು ಒತ್ತಿದಳು. ಸದ್ದು ಹೆಚ್ಚಾಯಿತು. ಗಾಡಿ ಮುಂದೆ ಹೋಗುವ ಬದಲು ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ಹಿಂದಿನ ಡಬ್ಬಿಯಲ್ಲಿ ಖಾನಾವಳಿಗಳಿಗೆ ಹೊರಟಿದ್ದ ಖಡಕ್ ರೊಟ್ಟಿಯ ಬುಟ್ಟಿಗಳಿದ್ದವು. ಬಾಜೂ ಸೀಟಿನಲ್ಲಿ ನಾನಿದ್ದೆ, ಎರಡೂ ಕೈಯಲ್ಲಿ ಮೇಲಿನ ಹಿಡಿಕೆ ಹಿಡಿದುಕೊಂಡು.

ಅವಳು ಬ್ರೇಕ್ ಒತ್ತಿ ಗಾಡಿ ನಿಲ್ಲಿಸಿದಳು. "ಎಂಜಿನ್ ಚಲೋ ಐತಿ. ಅದು ಹೇಳಿದ್ದು ಗಾಲಿಗೆ ಮುಟ್ಟವಲ್ದು," ಅಂದಳು.

ಏನೋ ಸುಟ್ಟ ವಾಸನೆ ಬರುತ್ತಿದೆ ಎಂದು ನಾನು ಮಳೆಗಾಲದಿಂದಲೂ ಹೇಳುತ್ತ ಬಂದಿದ್ದೆ. ಆದರೆ ನನಗೆ ಬಸ್ಸಿನಲ್ಲೂ ಸುಟ್ಟ ವಾಸನೆ ಬರುತ್ತದೆ, ಮದುವೆ ಮನೆಯ ಚಪ್ಪರದಲ್ಲೂ ಬರುತ್ತದೆ. ಹೀಗಾಗಿ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನಾನು ವಿಮೆಯ ಏಜೆಂಟ. ಆಗಬಾರದ್ದು ಆದರೆ ಏನು ಮಾಡುತ್ತೀರಿ ಎಂದು ಊರೂರು ತಿರುಗಿ ಜನರನ್ನು ಕೇಳುವುದು ನನ್ನ ಉದ್ಯೋಗ. ಹೊರಗೆ ಅದಕ್ಕೆ ಕಮಿಷನ್ ಸಿಗುತ್ತದೆ, ಮನೆಯಲ್ಲಿ ಬೈಗುಳ.

ಗಾಡಿಯ ವಿಷಯ ಸ್ವಲ್ಪ ಹೇಳಬೇಕು. ಅದು ಡೀಸೆಲ್ ಪಿಕಪ್, ಮುಂದೆ ಮನೆಮಂದಿ ಕೂಡಬಹುದು, ಹಿಂದೆ ಸಾಮಾನು ತುಂಬಬಹುದು. ಒಬ್ಬ ಗುತ್ತಿಗೆದಾರನ ಕೈಯಿಂದ ಹಳೇ ಗಾಡಿಯಾಗಿ ನಮ್ಮ ಮನೆಗೆ ಬಂತು. ಅದಕ್ಕೆ ಕ್ಲಚ್ ಇಲ್ಲ, ಗೇರು ತಾನೇ ಬದಲಾಗುತ್ತದೆ. ನನ್ನ ಎಡ ಮೊಣಕಾಲು ಕ್ಲಚ್ ಒತ್ತಿದಾಗಲೆಲ್ಲ ಕಟಕಟ ಅನ್ನುತ್ತಿದ್ದರಿಂದ, ಮುಂದೆ ಆ ಕಾಲೇ ಹೋದೀತು ಎಂಬ ಮುಂದಾಲೋಚನೆಯಿಂದ ಕೊಂಡಿದ್ದೆ. ಕಾಲು ಇವತ್ತಿಗೂ ಗಟ್ಟಿಯಾಗಿದೆ. ಹೋದದ್ದು ಗೇರ್‌ಬಾಕ್ಸು.

ಆದರೆ ಆ ಗಾಡಿ ನಿಜವಾಗಿ ಉಪಯೋಗಕ್ಕೆ ಬಂದದ್ದು ನನ್ನ ಹೆಂಡತಿಗೆ. ಬಹಳ ಹಿಂದೆ, ನಮ್ಮ ಹಳೆಯ ಕಾರಿನಲ್ಲಿ ಅವಳಿಗೆ ಗಾಡಿ ಹೊಡೆಯುವುದನ್ನು ನಾನೇ ಕಲಿಸಲು ಹೋಗಿದ್ದೆ. ಕ್ಲಚ್ ಬಿಡು ಅಂದೆ, ಬಿಟ್ಟಳು. ಕಾರು ಹಾರಿ ಪಕ್ಕದವರ ಮೇವಿನ ಬಣವಿಯೊಳಗೆ ಮೂಗು ತೂರಿಸಿ ನಿಂತಿತು. "ಬಿಡು ಅಂದ್ರಿ, ಬಿಟ್ಟೆ. ಮೆಲ್ಲಕ ಬಿಡು ಅಂತ ಹೇಳಿದ್ರೇನು?" ಎಂದು ಕೇಳಿ ಇಳಿದವಳು ವರ್ಷಗಟ್ಟಲೆ ಸ್ಟಿಯರಿಂಗ್ ಮುಟ್ಟಲಿಲ್ಲ. ಈ ಪಿಕಪ್ ಬಂದ ಮೇಲೆ, ನಾನು ಮನೆಯಲ್ಲಿಲ್ಲದ ಹೊತ್ತು ನೋಡಿ, ಹೊಲದ ದಾರಿಯಲ್ಲಿ ತಾನೇ ಕಲಿತಳು. ಓಣಿಯ ಹೆಂಗಸರು ಸೇರಿ ನಮ್ಮ ಹಿತ್ತಿಲಲ್ಲಿ ರೊಟ್ಟಿ ಬಡಿಯುತ್ತಾರೆ, ಅದನ್ನು ಹುಬ್ಬಳ್ಳಿಗೆ ಮುಟ್ಟಿಸುವುದು ಅವಳ ಕೆಲಸ. ಮೊದಲು ಬಸ್ಸಿನಲ್ಲಿ ಬುಟ್ಟಿ ಹೇರಿಕೊಂಡು ಕಂಡಕ್ಟರನ ಕೈಲಿ ಅನ್ನಿಸಿಕೊಳ್ಳುತ್ತಿದ್ದಳು. ಆಮೇಲೆ ಕೆಲವು ದಿನ ನಾನು ಗಾಡಿ ಹೊಡೆದೆ. ನಾನು ಹೊಡೆದರೆ ಊಟದ ಹೊತ್ತಿಗೆ ರೊಟ್ಟಿ ಮುಟ್ಟುವುದಿಲ್ಲ ಎಂದು ಖಾನಾವಳಿಯವರು ಹೇಳಿದರು. ಆಗ ಅವಳು ಬಲಗಡೆಯ ಬಾಗಿಲು ತೆಗೆದು ಹತ್ತಿ ಕೂತಳು, ಅಷ್ಟೇ.

ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಗಾಡಿಯನ್ನು ಮನೆಗೆ ಎಳೆತಂದೆವು. ಶೋರೂಮಿನವರು ಬಂದು ನೋಡಿ, ಗೇರ್‌ಬಾಕ್ಸ್ ಪೂರ್ತಿ ಹೋಗಿದೆ, ಹೊಸದು ಹೊರದೇಶದಿಂದ ಬರಬೇಕು, ಯಾವಾಗ ಬರುತ್ತದೆಂದು ಹೇಳಲಾಗದು, ಇದನ್ನು ಕೊಟ್ಟು ಬೇರೆ ಗಾಡಿ ತೆಗೆದುಕೊಳ್ಳಿ ಅಂದರು. ನನಗೆ ಆ ಮಾತು ಸರಿ ಅನ್ನಿಸಿತು. ಊಟಕ್ಕೆ ಕೂತಾಗ ಹೇಳಿದೆ, "ಕ್ಲಚ್ ಇರೋ ಸಣ್ಣದೊಂದು ಮಾಲಿನ ಗಾಡಿ ತಗೊಳ್ಳೂಣು. ಒಬ್ಬ ಡ್ರೈವರ್‌ನ ಇಟ್ಟರಾತು."

"ಅಂದ್ರ ನಾ ಮತ್ತ ಬಾಜೂ ಸೀಟಿಗೆ."

"ಬಾಜೂ ಸೀಟಿಗೇನಾಗೇತಿ? ನಾ ಕೂಡಂಗಿಲ್ಲೇನು?"

"ನೀವು ಅಲ್ಲಿ ಕೂಡ್ರಾಕ ಹುಟ್ಟೀರಿ. ನಾ ಇನ್ನ ಅಲ್ಲಿ ಹೋಗಂಗಿಲ್ಲ."

ದನಿ ಏರಿಸಲಿಲ್ಲ. ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಮರುದಿನದಿಂದ ಬುಟ್ಟಿಗಳು ಮತ್ತೆ ಬಸ್ಸು ಹತ್ತಿದವು. ಅರ್ಧ ರೊಟ್ಟಿ ಮುರಿದು ವಾಪಸು ಬಂದವು. ಎಲ್ಲರಿಗಿಂತ ಹೆಚ್ಚು ರೊಟ್ಟಿ ಕೊಳ್ಳುವ ಖಾನಾವಳಿಯವನು, "ದಸರಾ ಮುಗಿದು ವಾರೊಪ್ಪತ್ತು ನೋಡ್ತೀನ್ರಿ ಅಕ್ಕಾರ, ಆಮ್ಯಾಲ ಬ್ಯಾರೆ ಕಡೆ ಹೇಳ್ತೀನಿ," ಅಂದನಂತೆ. ಇದನ್ನು ಅವಳು ನನಗೆ ಹೇಳಲಿಲ್ಲ. ಹಿತ್ತಿಲಲ್ಲಿ ರೊಟ್ಟಿ ಬಡಿಯುವವರಿಗೆ ಹೇಳುವಾಗ ಕೇಳಿಸಿಕೊಂಡೆ.

ಹಿಂದಿನ ಓಣಿಯಲ್ಲಿ ನನ್ನ ಜೊತೆ ಶಾಲೆ ಕಲಿತ ಗೆಳೆಯನಿದ್ದಾನೆ. ಈದಿಗೆ ಅವರ ಮನೆಯ ಸುರಕುಂಬಾ ನಮ್ಮಲ್ಲಿಗೆ, ಹಬ್ಬಕ್ಕೆ ನಮ್ಮ ಹೋಳಿಗೆ ಅವರಲ್ಲಿಗೆ, ಇದು ನಮ್ಮ ಅಜ್ಜಂದಿರ ಕಾಲದಿಂದ ನಡೆದಿದೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು, ಬೆನ್ನುನೋವಿಗೆ ನೌಕರಿ ಬಿಟ್ಟು ಈಗ ಮನೆಯಲ್ಲೇ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ. ನನ್ನನ್ನು "ಲೇ ವಿಮಾ" ಎಂದೇ ಕರೆಯುತ್ತಾನೆ. ಗಾಡಿಯ ಕೆಳಗೆ ತಲೆ ಹಾಕಿ ಹೊರಬಂದು ಹೇಳಿದ, "ಅಟೋಮ್ಯಾಟಿಕ್ ನಾ ಹುಟ್ಟಿದಾಗಿಂದ ಬಿಚ್ಚಿಲ್ಲ."

"ಹಂಗಾದ್ರ?"

"ಹಂಗಾದ್ರ ಈಗೂ ಬಿಚ್ಚಂಗಿಲ್ಲ. ಇಡೀದಕ್ಕ ಇಡೀದು ತಗದು ಇನ್ನೊಂದು ಕೂಡಸೂದು. ಒಳಗೇನೈತಿ ಅಂತ ತಿಳಕೊಂಡು ನಿಂಗೇನಾಗಬೇಕಾಗೇತಿ? ನಿನ್ನ ಹೊಟ್ಟ್ಯಾಗ ಏನೈತಿ ಅಂತ ಗೊತ್ತಿದ್ದು ಊಟಾ ಮಾಡ್ತೀಯೇನು?"

ನನ್ನ ಹೊಟ್ಟೆಯಲ್ಲಿ ಏನಿದೆಯೆಂದು ನಾನು ಎರಡು ಸಲ ಸ್ಕ್ಯಾನ್ ಮಾಡಿಸಿದ್ದೇನೆ. ಅದನ್ನು ಅವನಿಗೆ ಹೇಳಲಿಲ್ಲ.

ಹುಬ್ಬಳ್ಳಿಯ ಗುಜರಿಯಲ್ಲಿ ಅಪಘಾತವಾದ ಅದೇ ತರಹದ ಗಾಡಿಯೊಂದರ ಗೇರ್‌ಬಾಕ್ಸ್ ಸಿಕ್ಕಿತು. ಮುಂಭಾಗ ಜಜ್ಜಿದ್ದರೂ ಗೇರ್‌ಬಾಕ್ಸಿಗೆ ಏನೂ ಆಗಿರಲಿಲ್ಲ. ಎಣ್ಣೆ ಹೋಗಿಬರುವ ತೂತುಗಳಿಗೆಲ್ಲ ಹಳದಿ ಪ್ಲಾಸ್ಟಿಕ್ ಮುಚ್ಚಳ ಹಾಕಿದ್ದರು. ಒಂದು ಕಸ ಒಳಗೆ ಹೋದರೂ ಕೆಟ್ಟಿತು, ಕೂಡಿಸುವತನಕ ಮುಚ್ಚಳ ತೆಗೆಯಬೇಡಿ ಎಂದು ಗುಜರಿಯವನು ನನಗೆ ಹೇಳಿದ. ಹೇಳಿದ್ದು ಸರಿಯಾದ ಮನುಷ್ಯನಿಗೇ. ಹಳೇ ಗಾದಿಯ ಮೇಲೆ ಮಲಗಿಸಿಕೊಂಡು ತಂದು, ಪಡಸಾಲೆಯಲ್ಲಿ ಇಟ್ಟು, ಮೇಲೊಂದು ಚಾದರ ಹೊದಿಸಿದೆ. ಬೀಗರ ಮನೆಯವರು ಬಂದಾಗ ಯಾರು ಮಲಗಿದ್ದಾರೆಂದು ಕೇಳಿದರು.

ಹಳೆಯದನ್ನು ಇಳಿಸುವುದು ಸುಲಭದ ಕೆಲಸವಲ್ಲ. ಬಹಳ ಭಾರ. ಟ್ರ್ಯಾಕ್ಟರಿನ ಜಾಕು ಏರಿಸುವುದಕ್ಕೆ ನಡೆಯುತ್ತದೆ, ಇಳಿಸುವಾಗ ಧೊಪ್ಪನೆ ಕೂತುಬಿಡುತ್ತದೆ. ಗೆಳೆಯನಿಗೆ ತನ್ನ ಅಜ್ಜ ಕಬ್ಬಿನ ಗಾಣದ ಉರುಳು ಇಳಿಸುತ್ತಿದ್ದ ರೀತಿ ನೆನಪಾಯಿತು. ಕೆಳಗೆ ಕಾಳಿನ ಚೀಲ ಒಟ್ಟಬೇಕು, ಭಾರ ಅದರ ಮೇಲೆ ಕೂತ ಮೇಲೆ ಚೀಲದ ಮೂಲೆ ಬಿಚ್ಚಬೇಕು. ಕಾಳು ಸುರಿದಂತೆ ಭಾರ ತಾನೇ ಇಳಿಯುತ್ತದೆ. ನಾನು ಒಳಗಿನಿಂದ ಜೋಳದ ಚೀಲ ಎಳೆದು ತಂದೆ. ಹೆಂಡತಿ ಅಂಗಳಕ್ಕೆ ಬಂದಳು.

"ಅದರ ರೊಟ್ಟಿ ಯಾರಿಗೆ ತಿನ್ನಸಾವರು? ಗಾಡಿ ಎಣ್ಣಿ ವಾಸ್ನಿ ಹೊಡದ್ರ ಇದ್ದ ಗಿರಾಕಿನೂ ಹೋಗ್ತಾವ."

"ವೈನಿ ಹೇಳೂದು ಬರೋಬ್ಬರಿ ಐತಿ," ಎಂದು ಗಾಡಿಯ ಕೆಳಗಿಂದ ಗೆಳೆಯ ಕೂಗಿದ. "ಲೇ ವಿಮಾ, ದನಕ್ಕ ಇಟ್ಟ ಗೋವಿನಜೋಳ ತಾರಲೇ."

ಗೋವಿನಜೋಳದ ಚೀಲಗಳನ್ನು ಒಟ್ಟಿದೆವು. ಬೋಲ್ಟುಗಳು ಬಿಚ್ಚಿದವು. ಅವನು ಮೂಲೆ ಕೊಯ್ದ. ಕಾಳು ಸರಸರ ಸುರಿಯಿತು, ಗೇರ್‌ಬಾಕ್ಸು ತಲೆದಿಂಬಿಗೆ ತಲೆ ಇಟ್ಟಂತೆ ಮೆಲ್ಲಗೆ ಕೆಳಗೆ ಬಂತು. ಚೀಲ ಹರಿದರೆ, ಮನುಷ್ಯನ ಮೇಲೆ ಬಿದ್ದರೆ, ಅವನ ವಿಮೆ ನಾನೇ ಮಾಡಿಸಿದ್ದು ಎಂದೆಲ್ಲ ಯೋಚಿಸುತ್ತ ನಾನು ಬ್ಯಾಟರಿ ಹಿಡಿದು ನಿಂತಿದ್ದೆ. ಬೆಳಕು ಅಲುಗಾಡುತ್ತದೆ ಎಂದು ಬೈದ ಅವನು.

ಅಷ್ಟರಲ್ಲಿ ದಸರಾದ ಖಂಡೇ ಪೂಜೆ ಬಂತು.

ನಮ್ಮಲ್ಲಿ ಖಂಡೇ ಪೂಜೆಗೆ ಇಟ್ಟ ಆಯುಧವನ್ನು ಮರುದಿನ ಬನ್ನಿ ಮುಡಿಯುವವರೆಗೆ ಮುಟ್ಟುವುದಿಲ್ಲ. ಗೆಳೆಯ ಬೋಲ್ಟು ಬಿಚ್ಚುವ ತನ್ನ ಪಾನಾಗಳನ್ನೂ ಸುತ್ತಿಗೆಗಳನ್ನೂ ತೊಳೆದು ಪ್ರತಿವರ್ಷದಂತೆ ನಮ್ಮ ಮನೆಗೇ ತಂದ. "ಇವನ್ನೂ ಇಡ್ರಿ ವೈನಿ," ಎಂದು ಕೊಟ್ಟು, ರಜೆ ಸಿಕ್ಕ ಖುಷಿಯಲ್ಲಿ ಹೋದ. ಗಾಡಿ ಅಂಗಳದಲ್ಲಿ ಕಟ್ಟಿಗೆಯ ದಿಮ್ಮಿಗಳ ಮೇಲೆ ನಿಂತಿತ್ತು. ಎಲ್ಲರೂ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಗಾಡಿ ಮುಂದೆ ಹಾಯಿಸುತ್ತಾರೆ. ನಮ್ಮ ಗಾಡಿ ಹಾಯುವಂತಿರಲಿಲ್ಲ. ಹೆಂಡತಿ ನಿಂಬೆಹಣ್ಣುಗಳನ್ನು ಡ್ರೈವರ್ ಸೀಟಿನ ಮೇಲೆ ಇಟ್ಟು ಬಂದಳು.

ನಾನು ಬಾಗಿಲಲ್ಲಿ ಕುಂಬಳಕಾಯಿ ಒಡೆದು, ಹೋಳು ಯಾರ ಕಾಲಿಗೂ ಸಿಕ್ಕು ಜಾರಿ ಬೀಳದಂತೆ ಬದಿಗೆ ಸರಿಸಿ, ಒಳಗೆ ಬಂದೆ. ಪಡಸಾಲೆಯಲ್ಲಿ ಚಾದರ ತೆಗೆದಿತ್ತು. ಗೇರ್‌ಬಾಕ್ಸಿಗೆ ವಿಭೂತಿಯ ಮೂರು ಗೆರೆ, ನಡುವೆ ಕುಂಕುಮ, ಚೆಂಡುಹೂವಿನ ಮಾಲೆ. ಹಳದಿ ಮುಚ್ಚಳಗಳು ಒಂದು ಬಟ್ಟಲಲ್ಲಿ ಕೂತಿದ್ದವು. ತೂತೊಂದರಲ್ಲಿ ಸೇವಂತಿಗೆ. ಮೇಲೆಲ್ಲ ಕುಂಕುಮ ಹಚ್ಚಿದ ಅಕ್ಕಿಕಾಳು, ಧಾರಾಳವಾಗಿ.

"ಮುಚ್ಚಳಾ ಯಾಕ ತಗದಿ?" ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ದೇವರ ಮುಂದ ಬಾಯಿಗೆ ಪ್ಲಾಸ್ಟಿಕ್ ಬಡಕೊಂಡು ಕೂತ್ರ ಚಂದ ಕಾಣತೈತೇನ್ರಿ?"

"ಅಕ್ಷತಿ ಒಳಗ ಬಿದ್ದಾವು."

"ನೋಡೇ ಹಾಕೇನಿ."

"ನೋಡಿ ಹಾಕಿದ್ರ ಈ ತೂತಿನ ಅಂಚಿಗೆ ಕಾಳು ಹೆಂಗ ಬಂತು?"

ಅವಳು ಬಗ್ಗಿ ನೋಡಿದಳು. ಅಂಚಿನಲ್ಲಿ ಒಂದು ಕೆಂಪು ಕಾಳು ನಿಜವಾಗಿಯೂ ಕೂತಿತ್ತು. ಅವಳು ಎರಡು ಬೆರಳಲ್ಲಿ ಅದನ್ನು ಎತ್ತಿ ತನ್ನ ಅಂಗೈಯಲ್ಲಿಟ್ಟುಕೊಂಡಳು. ಅದರ ಪಕ್ಕದಲ್ಲಿ ಇನ್ನೊಂದು ಇತ್ತೋ ಇರಲಿಲ್ಲವೋ, ಇದ್ದರೆ ಎಲ್ಲಿ ಹೋಯಿತೋ, ಅದನ್ನು ಈಗ ಯಾರೂ ಹೇಳುವಂತಿರಲಿಲ್ಲ. ತಲೆಕೆಳಗು ಮಾಡಿ ಅಲುಗಿಸೋಣವೆಂದರೆ ಪೂಜೆಗೆ ಕೂತ ವಸ್ತು. ಬಿಚ್ಚೋಣವೆಂದರೆ ಪಾನಾಗಳೂ ಪೂಜೆಯಲ್ಲಿ. ಹಬ್ಬದ ಹೋಳಿಗೆ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಇಳಿಯಲಿಲ್ಲ ಅಂದರೆ, ಮೂರನೆಯದು ಇಳಿಯಲಿಲ್ಲ.

ಮಧ್ಯಾಹ್ನ ಹೋಳಿಗೆ ಉಣ್ಣಲು ಬಂದ ಗೆಳೆಯನನ್ನು ಪಡಸಾಲೆಗೆ ಕರೆದು ತೋರಿಸಿದೆ.

"ಒಂದು ಅಕ್ಕಿಕಾಳಿಗೆ ಇಷ್ಟ್ಯಾಕ ಒದ್ದಾಡ್ತೀ? ಒಳಗ ಜಾಳಿಗಿ ಇರತೈತಿ, ಹಿಡೀತೈತಿ."

"ಇರತೈತಿ ಅಂತ ನಿಂಗ ಗೊತ್ತೈತೇನು?"

"ಇರಲೇಬೇಕಲ್ಲಪಾ."

"ಇರಲೇಬೇಕು ಅಂದ್ರ ಗೊತ್ತಿಲ್ಲ ಅಂತ."

"ಹೌದಲೇ, ಗೊತ್ತಿಲ್ಲ! ಡಿಪೋದಾಗ ಬಸ್ಸಿನ ಗೇರ್‌ಬಾಕ್ಸಿನೊಳಗ ನಾ ಬಿದ್ದ ಬೋಲ್ಟ್ ಕಂಡೇನಿ, ಬೀಡಿ ಕಂಡೇನಿ, ಒಂದ್ಸಲ ಸತ್ತ ಇಲಿ ಕಂಡೇನಿ. ಅವು ಓಡೇ ಓಡ್ಯಾವು."

"ಅವಕ್ಕ ಕ್ಲಚ್ ಇತ್ತು," ಎಂದು ಹೆಂಡತಿ ಬಾಗಿಲಲ್ಲಿ ನಿಂತು ಹೇಳಿದಳು. ನಾವಿಬ್ಬರೂ ತಿರುಗಿದೆವು. ಅವಳ ಕೈಯಲ್ಲಿ ಹೋಳಿಗೆಯ ತಾಟು ಇತ್ತು. ಅದನ್ನು ಕೆಳಗೆ ಇಡುವುದು ಮರೆತಿದ್ದಳು. "ಅಣ್ಣಾರ, ಇದರ ತಳಾ ಬಿಚ್ಚಾಕ ಬರತೈತೇನ್ರಿ?"

"ಬರತೈತ್ರಿ. ಆದ್ರ ನಡುವಿನ ರಬ್ಬರ್ ಪ್ಯಾಕಿಂಗ್ ಹರೀತೈತಿ, ಹೊಸಾದು ತರಬೇಕು. ಸುಮ್ಮನ ಕೆಲಸಾ ಬೆಳೀತೈತಿ. ಇಂವನ ಮಾತು ಕೇಳಬ್ಯಾಡ್ರಿ ವೈನಿ, ಇಂವಾ ಮಳಿ ಬಂದ್ರ ನೆನೀತೇನಿ ಅಂತಾನ, ಬರದಿದ್ರ ಬೆಂಕಿ ಹತ್ತೀತು ಅಂತಾನ."

"ಇಷ್ಟು ವರ್ಷ ಕೇಳಿಲ್ಲ," ಅಂದಳು. "ಇದೊಂದು ಸಲ ಕೇಳೂಣು. ಬಿಚ್ಚರಿ."

"ಈಗಾ?"

"ನಾಳೆ ಬನ್ನಿ ಮುಡಿದ ಮ್ಯಾಲ."

ಮದುವೆಯಾದಾಗಿನಿಂದ ನನ್ನ ಒಂದು ಚಿಂತೆಯನ್ನು ಅವಳು ತನ್ನದಾಗಿ ಮಾಡಿಕೊಂಡದ್ದು ಅದೇ ಮೊದಲು. ಸಂತೋಷವಾಗಬೇಕಿತ್ತು. ಆದರೆ ಅವಳೂ ಹೆದರಿದ್ದಾಳೆಂದರೆ ಹೆದರುವಂಥದ್ದು ನಿಜಕ್ಕೂ ಇದೆ ಎಂದಾಯಿತಲ್ಲ ಎಂದು ನನಗೆ ಹೊಸ ಚಿಂತೆ ಹತ್ತಿತು.

ಮರುದಿನ ಸಂಜೆ ಬನ್ನಿ ಕೊಟ್ಟು, ಬಂಗಾರದಂಗ ಇರೂಣು ಎಂದು ಒಬ್ಬರಿಗೊಬ್ಬರು ಹೇಳಿ ಮುಗಿದದ್ದೇ ತಡ, ಅವಳು ದೀಪದ ಮುಂದಿನಿಂದ ಪಾನಾಗಳನ್ನು ಎತ್ತಿ ಗೆಳೆಯನ ಕೈಗೆ ಕೊಟ್ಟಳು. ಅವಕ್ಕಿನ್ನೂ ಕುಂಕುಮವಿತ್ತು. ಗೇರ್‌ಬಾಕ್ಸಿನ ಮಾಲೆ ತೆಗೆದು, ಪಕ್ಕಕ್ಕೆ ಮಗ್ಗುಲಾಗಿಸಿ, ತಳದ ತಟ್ಟೆ ಬಿಚ್ಚಿದೆವು. ಉಳಿದಿದ್ದ ಕೆಂಪು ಎಣ್ಣೆ ಪರಾತಕ್ಕೆ ಸುರಿಯಿತು. ತಟ್ಟೆಯಲ್ಲಿ ಕಬ್ಬಿಣದ ಪುಡಿ ಹಿಡಿಯಲೆಂದು ಇಟ್ಟ ಅಯಸ್ಕಾಂತದ ಬಿಲ್ಲೆಗಳಿದ್ದವು, ಮೇಲೆ ಜಾಳಿಗೆಯೂ ಇತ್ತು. ಗೆಳೆಯ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಅವಳು ಹಿಟ್ಟು ಸೋಸುವ ಸಣ್ಣ ಜರಡಿ ತಂದು ಎಣ್ಣೆಯನ್ನು ಸೋಸಿದಳು. ಬೆರಳಿಂದ ತಟ್ಟೆಯ ಮೂಲೆಗಳನ್ನೆಲ್ಲ ಸವರಿದಳು.

ಏನೂ ಸಿಗಲಿಲ್ಲ.

"ಇಲ್ಲ ಅಂದಂಗಾತು," ಅಂದ ಗೆಳೆಯ.

"ಇನ್ನೂ ಒಳಗ ಹೋಗೇತಿ ಅಂದಂಗಾತು," ಅಂದೆ ನಾನು.

ಅವಳು ಇಬ್ಬರನ್ನೂ ನೋಡಿದಳು. ಕಾಳು ಸಿಕ್ಕಿದ್ದರೆ ಎತ್ತಿ ಎಸೆದು ಮುಗಿಸಬಹುದಿತ್ತು. ಸಿಗದಿರುವುದನ್ನು ಏನು ಮಾಡುವುದೆಂದು ಅವಳಿಗೂ ತಿಳಿಯಲಿಲ್ಲ. ಜರಡಿಯನ್ನು ಗೋಡೆಗೆ ಆನಿಸಿಟ್ಟು, "ಕೂಡಸ್ರಿ," ಅಂದಳು. ಆ ಜರಡಿ ಮತ್ತೆ ಹಿಟ್ಟಿಗೆ ಬರಲಿಲ್ಲ.

ಹೊಸ ಪ್ಯಾಕಿಂಗ್ ತಂದು ತಟ್ಟೆ ಮುಚ್ಚಿದೆವು. ಗೇರ್‌ಬಾಕ್ಸಿನ ಮುಂದೆ ಡೊಳ್ಳಿನಂಥ ಒಂದು ದುಂಡನೆಯ ಭಾಗ ಇರುತ್ತದೆ, ಎಂಜಿನ್ನಿನ ಬಲ ಅದರ ಮೂಲಕವೇ ಬರುತ್ತದೆ. ಅದನ್ನು ತಿರುಗಿಸುತ್ತ ಒಳಗೆ ತಳ್ಳಿದರೆ ಟಕ್ ಎಂದು ಮೂರು ಸಲ ಸದ್ದಾಗಬೇಕು, ಎರಡಕ್ಕೇ ಬೋಲ್ಟ್ ಬಿಗಿದರೆ ಒಳಗಿನ ಪಂಪು ಒಡೆಯುತ್ತದೆ ಎಂದು ಗೆಳೆಯ ಮೊಬೈಲಿನಲ್ಲಿ ನೋಡಿಕೊಂಡಿದ್ದ. ಒಂದು ಟಕ್ ಬಂತು. ಎರಡನೆಯದೂ ಬಂತು. ಆಮೇಲೆ ಅವನು ಮೂರಾಯಿತು ಅಂದ, ನಾನು ಎರಡು ಅಂದೆ.

"ನಿನ್ನ ಕಿವಿ ಅದು ಕಿವಿಯೇನಲೇ? ಡಬ್ಬಿ ಬಿದ್ರ ಬಾಂಬ್ ಅಂತೀ."

"ಬಾಂಬ್ ಅಂದ್ರೂ ಒಂದಕ್ಕ ಒಂದ ಅಂತೀನಿ. ಎಣಸೂದ್ರಾಗ ತಪ್ಪಂಗಿಲ್ಲ."

"ಮೂರನೇದು ನನಗ ಕೇಳೂತನಾ ಬೋಲ್ಟ್ ಹಾಕಬ್ಯಾಡ್ರಿ," ಎಂದು ಅವಳು ಹೇಳಿ, ಅಲ್ಲೇ ಮಣೆ ಹಾಕಿಕೊಂಡು ಕೂತಳು. ಅವನು ಗೊಣಗುತ್ತ ಮತ್ತೆ ತಿರುಗಿಸಿದ, ತಳ್ಳಿದ, ಹೊರಗೆ ಎಳೆದು ಮತ್ತೆ ತಳ್ಳಿದ. ಬೆವರು ಗಡ್ಡದಿಂದ ಹನಿಯುವ ಹೊತ್ತಿಗೆ ಟಕ್ ಎಂದಿತು. ಡೊಳ್ಳು ಬೆರಳಿನಗಲ ಒಳಗೆ ಸರಿದದ್ದು ಕಣ್ಣಿಗೇ ಕಂಡಿತು. ಅವನು ಗಡ್ಡ ಒರೆಸಿಕೊಂಡು, "ಇದು ನಾಕನೇದು," ಅಂದ.

ಜಾಕಿನ ಮೇಲೆ ಹಲಗೆ, ಹಲಗೆಯ ಮೇಲೆ ಗಾದಿ, ಗಾದಿಯ ಮೇಲೆ ಗೇರ್‌ಬಾಕ್ಸು. ಮೇಲೇರಿಸಿ ಕೂಡಿಸಿ, ಎಣ್ಣೆ ತುಂಬಿ, ದಿಮ್ಮಿ ತೆಗೆದು ಗಾಡಿಯನ್ನು ನೆಲಕ್ಕೆ ಇಳಿಸಿದೆವು. ಖಾನಾವಳಿಯವನು ಹೇಳಿದ ವಾರೊಪ್ಪತ್ತು ಇನ್ನೂ ಮುಗಿದಿರಲಿಲ್ಲ. ಸೀಟಿನ ಮೇಲಿದ್ದ ನಿಂಬೆಹಣ್ಣು ಬಾಡಿದ್ದವು. ಅವನ್ನೇ ಅವಳು ಗಾಲಿಗಳ ಮುಂದೆ ಇಟ್ಟಳು. ನಾನು ಎಡಗಡೆಯ ಬಾಗಿಲಿಗೆ ಕೈ ಹಾಕಿದೆ.

"ನೀವು ಬ್ಯಾಡ್ರಿ," ಅಂದಳು. "ನೀವು ಉಸಿರು ಬಿಗಿ ಹಿಡದ್ರ ನನಗೂ ಉಸಿರು ಬರಂಗಿಲ್ಲ."

ಎಂಜಿನ್ ಶುರು ಮಾಡಿದಳು. ಅದು ಯಾವತ್ತೂ ಚೆನ್ನಾಗಿಯೇ ಇತ್ತು. ಗೇರಿನ ಹಿಡಿಕೆಯನ್ನು ಮುಂದಕ್ಕೆ ಹೋಗುವ ಗುರುತಿಗೆ ಎಳೆದಳು. ಕ್ಲಚ್ ಇಲ್ಲದ ಗಾಡಿಯಲ್ಲಿ ಆಗ ಒಂದು ಸಣ್ಣ ತಡೆ ಇರುತ್ತದೆ, ಒಳಗೆ ಏನೋ ಕೈ ಚಾಚಿ ಇನ್ನೇನನ್ನೋ ಹಿಡಿಯುವಷ್ಟು ಹೊತ್ತು. ಅವಳು ಕನ್ನಡಿಯನ್ನೂ ನೋಡಲಿಲ್ಲ, ನಮ್ಮನ್ನೂ ನೋಡಲಿಲ್ಲ, ಸ್ಟಿಯರಿಂಗಿನ ಮೇಲಿನ ತನ್ನ ಕೈಗಳನ್ನು ನೋಡುತ್ತಿದ್ದಳು. ಆಮೇಲೆ ಗಾಡಿ ತಾನಾಗಿಯೇ ಮುಂದೆ ಹೊರಟಿತು. ನಿಂಬೆಹಣ್ಣು ಪಿಚಕ್ಕೆಂದವು. ಗೇಟು ದಾಟಿ, ಓಣಿ ತಿರುಗಿ, ಏರಿನ ಕಡೆಗೆ ಹೋಯಿತು.

ಗೆಳೆಯ ಕೈ ಒರೆಸಿಕೊಳ್ಳುತ್ತ ಕೇಳಿದ, "ಅಕ್ಕಿ ಸಪ್ಪಳ ಬರಾಕತ್ತೈತೇನಲೇ?"

"ಬರಾಕತ್ತೈತಿ."

"ಬರಬೇಕು. ಬರದಿದ್ರ ನೀ ಸಾಯ್ತೀ."

ಅವಳು ಬೇಗ ಬರಲಿಲ್ಲ. ಏರಿನಲ್ಲಿ ನಿಂತಿರಬೇಕು ಎಂದುಕೊಂಡು ನಾನು ಹಗ್ಗ ಹುಡುಕಿ ತೆಗೆದಿಟ್ಟೆ. ಅವಳು ಧುಮ್ಮವಾಡದ ಕ್ರಾಸಿನವರೆಗೂ ಹೋಗಿ, ಚಹಾ ಕುಡಿದು ಬಂದಿದ್ದಳು.

ಈಗ ದಿನಾ ಬೆಳಗ್ಗೆ ರೊಟ್ಟಿ ಹುಬ್ಬಳ್ಳಿಗೆ ಹೋಗುತ್ತದೆ, ಮುರಿಯದೆ. ಆ ಕಡೆ ಯಾರಿಗಾದರೂ ವಿಮೆ ಮಾಡಿಸುವುದಿದ್ದರೆ ನಾನೂ ಹೋಗುತ್ತೇನೆ, ಬಾಜೂ ಸೀಟಿನಲ್ಲಿ. ಊರ ಹೊರಗಿನ ಏರು ಬಂದಾಗ ಗಾಡಿ ತಾನೇ ಗೇರು ಇಳಿಸಿಕೊಳ್ಳುತ್ತದೆ. ಆ ಒಂದು ಕ್ಷಣ ನಾನು ತಲೆ ಸ್ವಲ್ಪ ಕೆಳಗೆ ಮಾಡಿ ಕಿವಿ ಕೊಡುತ್ತೇನೆ. ಅವಳಿಗೆ ಅದು ಗೊತ್ತು.

"ಏನ ಕೇಳಾಕತ್ತೀರಿ?" ಎಂದು ಮೊನ್ನೆ ಕೇಳಿದಳು.

"ಏನಿಲ್ಲ."

ಅವಳು ಏರು ಹತ್ತಿಸಿ, ಎದುರಿಗೆ ಬಂದ ಬಸ್ಸಿಗೆ ದಾರಿ ಬಿಟ್ಟು, ಆಮೇಲೆ ಹೇಳಿದಳು, "ಇದ್ರೂ ಈಟೊತ್ತಿಗೆ ಬೆಂದಿರಬೇಕ ಬಿಡ್ರಿ."